‘ಚಾರ್ಜ್’ ಒಂದೇ, ಕನ್ನಡದಲ್ಲಿ ಎಷ್ಟು?

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವವರನ್ನು ದಿನಾ ಕಾಡುವ ಪದ ‘ಚಾರ್ಜ್’. ಹೊಸ ಕಮಿಷನರ್ ಚಾರ್ಜ್ ತೆಗೆದುಕೊಂಡರು ಅಂದರೆ ಅಧಿಕಾರ ವಹಿಸಿಕೊಂಡರು. ಪೊಲೀಸರು ಲಾಠಿ ಚಾರ್ಜ್ ಮಾಡಿದರು ಅಂದರೆ ಲಾಠಿ ಬೀಸಿದರು. ಬ್ಯಾಂಕ್ ಹಾಕಿದರೆ ಶುಲ್ಕ. ಕಾಡಾನೆ ಚಾರ್ಜ್ ಮಾಡಿತು ಅಂದರೆ ಮೈಮೇಲೆ ನುಗ್ಗಿ ಬಂತು. ಫೋನಿಗೆ ಮಾತ್ರ ಚಾರ್ಜ್ ಚಾರ್ಜೇ. ಅದನ್ನು ಬದಲಿಸುವ ಅಗತ್ಯವೂ ಇಲ್ಲ.

ಈ ಪದದ ಬೇರು ಗಾಡಿಯಲ್ಲಿದೆ. ಲ್ಯಾಟಿನ್ನಿನಲ್ಲಿ ‘ಕ್ಯಾರಸ್’ ಅಂದರೆ ಗಾಡಿ. ಗಾಡಿಗೆ ಹೊರೆ ಹೇರುವುದು ‘ಚಾರ್ಜ್’ನ ಮೊದಲ ಅರ್ಥ. ಕಾರ್, ಕಾರ್ಗೋ ಎಲ್ಲ ಅದೇ ಬಳಗ. ಆಮೇಲೆ ಬಂದೂಕಿಗೆ ಮದ್ದು ತುಂಬುವುದಕ್ಕೂ, ಒಬ್ಬರ ತಲೆಗೆ ಹೊಣೆ ಕಟ್ಟುವುದಕ್ಕೂ, ತಪ್ಪು ಹೊರಿಸುವುದಕ್ಕೂ ಅದೇ ಪದ ಬಂತು. ನಮ್ಮಲ್ಲೂ ಹೀಗೇ ಅಲ್ವಾ? ಹೊಣೆ ಹೊರುತ್ತೇವೆ, ಆರೋಪ ಹೊರಿಸುತ್ತೇವೆ. ‘ಪ್ರಭಾರ’ದೊಳಗೆ ಭಾರ ಕೂತಿದೆ. ಸಂಸ್ಕೃತದ ‘ಆರೋಪ’ಕ್ಕೂ ಮೇಲೆ ಏರಿಸುವುದು ಅನ್ನುವುದೇ ಮೂಲ ಅರ್ಥ. ನನಗೆ ಇದು ಬಹಳ ಖುಷಿ ಕೊಟ್ಟ ಸಂಗತಿ.

‘ಇನ್ ಚಾರ್ಜ್’ ವಿಷಯದಲ್ಲಿ ಕನ್ನಡ ಪತ್ರಿಕೆಗಳು ಚೆನ್ನಾಗಿ ದಾರಿ ಮಾಡಿಕೊಂಡಿವೆ. ಜಿಲ್ಲೆ ನೋಡಿಕೊಳ್ಳುವ ಮಂತ್ರಿ ‘ಜಿಲ್ಲಾ ಉಸ್ತುವಾರಿ ಸಚಿವ’. ಖಾಲಿ ಹುದ್ದೆಯನ್ನು ಸದ್ಯಕ್ಕೆ ನೋಡಿಕೊಳ್ಳುವವರು ‘ಪ್ರಭಾರ’. ಅದಲು ಬದಲು ಮಾಡಿದರೆ ಕಿವಿಗೆ ಒಗ್ಗುವುದಿಲ್ಲ. ಒಂದು ಎಚ್ಚರ ಮಾತ್ರ ಬೇಕು. ‘ನರ್ಸ್ ಇನ್ ಚಾರ್ಜ್ ಆಫ್ ದ ಚೈಲ್ಡ್’ ಅಂದರೆ ಮಗುವನ್ನು ನೋಡಿಕೊಳ್ಳುವ ನರ್ಸ್. ‘ಚೈಲ್ಡ್ ಇನ್ ದ ಚಾರ್ಜ್ ಆಫ್ ದ ನರ್ಸ್’ ಅಂದರೆ ನರ್ಸ್ ಸುಪರ್ದಿಯಲ್ಲಿರುವ ಮಗು. ನಡುವೆ ಒಂದು ‘ದ’ ಸೇರಿದರೆ ನೋಡಿಕೊಳ್ಳುವವರು ಯಾರು, ನೋಡಿಸಿಕೊಳ್ಳುವವರು ಯಾರು ಅನ್ನುವುದೇ ತಿರುಗಿಬಿಡುತ್ತದೆ.

ನಿಜವಾದ ತೊಡಕು ಇರುವುದು ಕೋರ್ಟ್ ಸುದ್ದಿಯಲ್ಲಿ. ಇಲ್ಲಿ ಕಥೆ ಉಲ್ಟಾ. ಇಂಗ್ಲಿಷ್‌ನಲ್ಲಿ ಬೇರೆ ಬೇರೆ ಇರುವ ಮೂರು ಹಂತಗಳು ಕನ್ನಡದಲ್ಲಿ ‘ಆರೋಪ’ ಎಂಬ ಒಂದೇ ಪದದಡಿ ಬಂದು ಸೇರುತ್ತವೆ. ಯಾರೋ ಒಬ್ಬರು ಮೈಕ್ ಮುಂದೆ ಹೇಳಿದ್ದು ‘ಅಲಿಗೇಷನ್’. ತನಿಖೆ ಮುಗಿಸಿ ಪೊಲೀಸರು ಕೊಡುವುದು ‘ಚಾರ್ಜ್‌ಶೀಟ್’. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 173ನೇ ಸೆಕ್ಷನ್‌ನಲ್ಲಿ ಇದನ್ನು ಕರೆದದ್ದು ಪೊಲೀಸ್ ವರದಿ ಅಂತ. ಅದರ ಬದಲಿಗೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 193ನೇ ಸೆಕ್ಷನ್. ಆ ವರದಿಯನ್ನೆಲ್ಲ ನೋಡಿ, ಇಂಥಿಂಥ ಅಪರಾಧಕ್ಕೆ ವಿಚಾರಣೆ ನಡೆಯಬೇಕು ಅಂತ ಜಡ್ಜ್ ಬರೆಯುವುದೇ ಅಸಲಿ ‘ಚಾರ್ಜ್’. ‘ಮಾಜಿ ಅಧಿಕಾರಿ ಮೇಲೆ ಆರೋಪ’ ಅಂತ ತಲೆಬರಹ ಕೊಟ್ಟರೆ ಈ ಮೂರರಲ್ಲಿ ಯಾವುದಾಯಿತು? ಒಬ್ಬ ಮನುಷ್ಯನ ಮರ್ಯಾದೆಯ ಪ್ರಶ್ನೆ ಇದು. ಸುಮ್ನೆ ಬಿಡುವ ಹಾಗಿಲ್ಲ.

‘ಡಿಸ್‌ಚಾರ್ಜ್’ದೂ ಇದೇ ಪಾಡು. ಆಸ್ಪತ್ರೆಯಿಂದಾದರೆ ಬಿಡುಗಡೆ, ಅಣೆಕಟ್ಟಿನಿಂದಾದರೆ ಹೊರಹರಿವು. ಅಷ್ಟು ಸಲೀಸು. ಕೇಸಿನಿಂದಾದರೆ ಮಾತ್ರ ಬಹಳಷ್ಟು ವರದಿಗಳಲ್ಲಿ ‘ಖುಲಾಸೆ’ ಅಂತ ಬರುತ್ತದೆ. ಇದು ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ. ವಿಚಾರಣೆ ನಡೆದು, ತಪ್ಪು ಸಾಬೀತಾಗಲಿಲ್ಲ ಅಂತ ಬಿಟ್ಟರೆ ಖುಲಾಸೆ. ವಿಚಾರಣೆ ನಡೆಸುವಷ್ಟೂ ಆಧಾರವಿಲ್ಲ ಅಂತ ಮೊದಲೇ ಬಿಟ್ಟರೆ ಅದು ಡಿಸ್‌ಚಾರ್ಜ್. ಡಿಸ್‌ಚಾರ್ಜ್ ಆದದ್ದನ್ನು ಖುಲಾಸೆ ಅಂತ ಎಣಿಸಬಾರದು ಎಂದು ಸಿಆರ್‌ಪಿಸಿ 300ನೇ ಸೆಕ್ಷನ್‌ನ ವಿವರಣೆಯಲ್ಲೇ ಇತ್ತು.

ನಾನು ಸದ್ಯಕ್ಕೆ ಹೀಗೆ ಬಳಸುತ್ತಿದ್ದೇನೆ: ಯಾರಾದರೂ ಹೇಳಿದ್ದಕ್ಕೆ ‘ಆಪಾದನೆ’, ಪೊಲೀಸರದ್ದಕ್ಕೆ ‘ಆರೋಪಪಟ್ಟಿ’, ಕೋರ್ಟಿನದ್ದಕ್ಕೆ ‘ಆರೋಪ ನಿಗದಿ’. ‘ದೋಷಾರೋಪ’ವೂ ಬಳಕೆಯಲ್ಲಿದೆ. ಆದರೆ ‘ದೋಷಿ’ ಅಂದರೆ ಅಪರಾಧಿ ಅಂತ ತೀರ್ಪಾದವರು. ಅವಸರದಲ್ಲಿ ಓದುವವರಿಗೆ ‘ದೋಷ’ ಕಂಡ ಕೂಡಲೇ ತಪ್ಪು ಸಾಬೀತಾಯಿತು ಅನ್ನಿಸಬಹುದು. ಡಿಸ್‌ಚಾರ್ಜ್‌ಗೆ ‘ಆರೋಪದಿಂದ ಮುಕ್ತ’ ಅಂತ ಬರೆಯುತ್ತೇನೆ. ಆದರೆ ಖುಲಾಸೆ ಆದವರಿಗೂ ಅದೇ ಮಾತು ಒಪ್ಪುತ್ತದಲ್ಲ, ಹಾಗಾಗಿ ಸಮಾಧಾನವಿಲ್ಲ. ಕೋರ್ಟ್ ವರದಿ ಬರೆಯುವವರು, ಕನ್ನಡದಲ್ಲಿ ವಾದ ಮಾಡುವ ವಕೀಲರು ಇದ್ದರೆ ದಯವಿಟ್ಟು ತಿಳಿಸಿ: ವಿಚಾರಣೆಗೆ ಮೊದಲೇ ಬಿಟ್ಟದ್ದಕ್ಕೆ, ತಲೆಬರಹಕ್ಕೆ ಹಿಡಿಸುವಷ್ಟು ಚಿಕ್ಕ ಪದ ನೀವು ಯಾವುದು ಬಳಸುತ್ತೀರಿ?