ಹಿಮಬಿಂದು ಎಂದರೆ ಹನಿಯೋ, ಉಷ್ಣತೆಯೋ?

ಮಕ್ಕಳ ವಿಜ್ಞಾನ ಮಾಸಿಕವೊಂದಕ್ಕೆ ಓಜೋನ್ ರಂಧ್ರದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ರಸಾಯನಶಾಸ್ತ್ರದ ಭಾಗವನ್ನು ಹೇಗೋ ದಾಟಿದೆ. ಸಿಕ್ಕಿಹಾಕಿಕೊಂಡಿದ್ದು ಒಂದು ಪದದಲ್ಲಿ. 'ಹಿಮಬಿಂದು ಮಾಪಕವನ್ನು ಬಲೂನಿಗೆ ಕಟ್ಟಿ ಹಾರಿಬಿಡುತ್ತಾರೆ' ಎಂದು ಬರೆದಿದ್ದೆ. ಗಾಳಿಯಲ್ಲಿರುವ ನೀರಾವಿಯನ್ನು ಅಳೆಯುವ ಉಪಕರಣವದು; ಹಿಮಬಿಂದು ಎಂದರೆ ಇಂಗ್ಲಿಷಿನ 'ಫ್ರಾಸ್ಟ್ ಪಾಯಿಂಟ್'. ಕರಡು ತಿದ್ದುವ ಹಿರಿಯರು ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದರು: 'ಅಷ್ಟು ಎತ್ತರದಲ್ಲಿ ಹನಿಗಳನ್ನು ಎಣಿಸುವುದು ಹೇಗೆ?'

ಅವರನ್ನು ದೂರುವಂತಿಲ್ಲ. ಕನ್ನಡದಲ್ಲಿ ಬಿಂದು ಎಂದರೆ ಚುಕ್ಕೆಯೂ ಹೌದು, ಹನಿಯೂ ಹೌದು. ಪದ್ಯ ಓದಿ ಬೆಳೆದವರಿಗೆ ಹಿಮಬಿಂದು ಎಂದೊಡನೆ ಹುಲ್ಲಿನ ತುದಿಯ ಇಬ್ಬನಿಯೇ ಕಣ್ಣಿಗೆ ಬರುತ್ತದೆ. 'ಕುದಿಬಿಂದು' ಎಂದಾಗ ಈ ಗೊಂದಲವಿಲ್ಲ, ಏಕೆಂದರೆ ಕುದಿಯ ಹನಿ ಎಂಬುದೊಂದಿಲ್ಲ. 'ಡ್ಯೂ ಪಾಯಿಂಟ್'ಗೆ, ಎಂದರೆ ಇಬ್ಬನಿ ಮೂಡುವ ಉಷ್ಣತೆಗೆ, ಇರುವ 'ಇಬ್ಬನಿ ಬಿಂದು' ಎಂಬ ಪದವಂತೂ ಇನ್ನೂ ತಮಾಷೆ. ಕಂಬನಿಯಲ್ಲಿರುವ ಪನಿಯೇ ಇಬ್ಬನಿಯಲ್ಲೂ ಇದೆ; ಅದರ ಮೇಲೆ ಬಿಂದು ಸೇರಿಸಿ ಹನಿಗೆ ಹನಿ ಕಟ್ಟಿದ್ದೇವೆ.

ಉಪಕರಣ ಏನು ಮಾಡುತ್ತದೆ ಎಂದು ಹೇಳಿದರೆ ನನ್ನ ತೊಡಕು ತಿಳಿಯುತ್ತದೆ. ಅದರೊಳಗೊಂದು ಪುಟ್ಟ ಕನ್ನಡಿ. ಅತಿಶೀತಲ ದ್ರವದಿಂದ ಅದನ್ನು ತಣಿಸುತ್ತಾರೆ. ಸುತ್ತಲಿನ ಗಾಳಿಯಲ್ಲಿರುವ ನೀರಾವಿ ನೀರಾಗದೆ ನೇರವಾಗಿ ಕನ್ನಡಿಯ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತದೆ. ಕನ್ನಡಿಗೆ ಬಿದ್ದ ಬೆಳಕು ಎಷ್ಟು ಮಸುಕಾಯಿತು ಎಂಬುದನ್ನು ನೋಡಿಕೊಂಡು, ಪೊರೆ ದಪ್ಪವಾದರೆ ಉಪಕರಣ ಕನ್ನಡಿಯನ್ನು ತುಸು ಬಿಸಿ ಮಾಡುತ್ತದೆ, ತೆಳುವಾದರೆ ತುಸು ತಂಪು. ಪೊರೆ ಬೆಳೆಯದೆ ಸವೆಯದೆ ನಿಂತಾಗ ಕನ್ನಡಿಯ ಉಷ್ಣತೆ ಎಷ್ಟಿದೆಯೋ ಅದೇ ನಾನು 'ಹಿಮಬಿಂದು' ಎಂದು ಬರೆದದ್ದು. ಅದರಿಂದ ಗಾಳಿಯಲ್ಲಿರುವ ನೀರಾವಿಯ ಲೆಕ್ಕ ಸಿಗುತ್ತದೆ. ಇಂಗ್ಲೆಂಡಿನ ಅಲನ್ ಬ್ರೂವರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಥ ಉಪಕರಣವನ್ನು ವಿಮಾನದಲ್ಲಿ ಒಯ್ದು ಮೇಲಿನ ಗಾಳಿ ಎಷ್ಟು ಒಣ ಎಂದು ಕಂಡುಕೊಂಡರು. ಅಮೆರಿಕದ ಬೌಲ್ಡರ್ ಊರಿನಿಂದ 1980ರಿಂದ ಬಲೂನುಗಳು ಇದನ್ನು ಹೊತ್ತು ಏರುತ್ತಿವೆ. ಏರುವಾಗ ಬಲೂನಿನ ಮೈಗೆ ಅಂಟಿಕೊಂಡ ತೇವವೇ ಅಳತೆಯನ್ನು ಕೆಡಿಸಬಹುದು. ಹಾಗಾಗಿ ಎತ್ತರದ ಗಾಳಿಯ ಮಟ್ಟಿಗೆ ಇಳಿಯುವಾಗಿನ ಅಂಕಿಗಳನ್ನೇ ಹೆಚ್ಚು ನಂಬುತ್ತಾರೆ. ಅಲ್ಲಿ ಹತ್ತು ಲಕ್ಷ ಅಣುಗಳಲ್ಲಿ ನೀರಿನದು ಐದರ ಆಸುಪಾಸು ಮಾತ್ರ ಎಂದ ಮೇಲೆ ಈ ಎಚ್ಚರ ಅತಿಯಲ್ಲ.

ಈಗ ಪದಕ್ಕೆ ಬರುತ್ತೇನೆ. 'ಹೆಪ್ಪುಗಟ್ಟುವ ಉಷ್ಣತೆ' ಎನ್ನೋಣವೇ? ಹೆಪ್ಪುಗಟ್ಟುವುದು ಹಾಲು, ರಕ್ತ, ಎಂದರೆ ದ್ರವ. ಇಲ್ಲಿ ದ್ರವವೇ ಇಲ್ಲ. 'ಹಿಮಗಟ್ಟುವ' ಎಂದರೆ ಹಿಮಗಟ್ಟಿದ ನದಿ ನೆನಪಾಗುತ್ತದೆ, ಅದೂ ದ್ರವವೇ. 'ತುಷಾರ'ವನ್ನು ಕೆಲವರು ಇಬ್ಬನಿಗೆ, ಕೆಲವರು ಹಿಮಕ್ಕೆ ಬಳಸುತ್ತಾರೆ. 'ಮಂಜು' ಎಂಬ ಪದದ ಮೇಲೆ ನಾವು ಹೇರಿರುವ ಹೊರೆಯಂತೂ ಕೇಳಬೇಡಿ: ಮಡಿಕೇರಿಯ ಬೆಳಗು, ಹಿಮಾಲಯದ ಶಿಖರ, ಕಣ್ಣು ಮಬ್ಬಾದದ್ದು ಎಲ್ಲವೂ ಮಂಜೇ. ಫ್ರಿಜ್ಜಿನ ಮೇಲಂಕಣದ ಗೋಡೆಗೆ ಹತ್ತುವ ಬಿಳಿ ಪದರಕ್ಕೆ ನಮ್ಮ ಮನೆಯಲ್ಲಿ 'ಐಸ್ ಕಟ್ಟಿದೆ' ಎನ್ನುತ್ತೇವೆ. ಕನ್ನಡಿಯ ಮೇಲೆ ಆಗುವುದೂ ಅದೇ, ಅತಿ ತೆಳುವಾಗಿ. ಈ 'ಕಟ್ಟು' ನನಗೆ ಹಿಡಿಸಿತು. ಕೆನೆ ಕಟ್ಟುತ್ತದೆ, ಪಾಚಿ ಕಟ್ಟುತ್ತದೆ. ಹಾಗಾಗಿ ಆ ಪದರವನ್ನು 'ಹಿಮಪೊರೆ', ಆ ಉಷ್ಣತೆಯನ್ನು 'ಪೊರೆಗಟ್ಟುವ ಉಷ್ಣತೆ' ಎಂದು ಕರೆದಿದ್ದೇನೆ. ಕಣ್ಣಿನ ಪೊರೆಯಂತೆ ಇದೂ ಬೆಳಕನ್ನು ಮಸುಕು ಮಾಡುವುದರಿಂದ ಮಕ್ಕಳಿಗೆ ವಿವರಿಸುವುದು ಸುಲಭ. ಪಾರಿಭಾಷಿಕ ಪದಕ್ಕೆ ಇದು ಉದ್ದವಾಯಿತೇ?

ಮೋಡದ ಹೆಸರಿನಲ್ಲೂ ಇದೇ ಪಾಡು. ಧ್ರುವಗಳ ಚಳಿಗಾಲದಲ್ಲಿ 15ರಿಂದ 25 ಕಿಲೋಮೀಟರ್ ಎತ್ತರದಲ್ಲಿ ಮೋಡ ಕಟ್ಟುತ್ತದೆ; ಓಜೋನ್ ರಂಧ್ರಕ್ಕೆ ದಾರಿ ಮಾಡುವ ರಾಸಾಯನಿಕ ಕ್ರಿಯೆಗಳು ನಡೆಯುವುದು ಇದರ ಕಣಗಳ ಮೇಲೆಯೇ. ಸುಮಾರು ಮೈನಸ್ 78 ಡಿಗ್ರಿಗೆ ನೈಟ್ರಿಕ್ ಆಮ್ಲ ಮತ್ತು ನೀರು ಸೇರಿದ ಹರಳುಗಳು ಮೂಡಬಲ್ಲವು. ಅಪ್ಪಟ ನೀರಿನ ಹರಳುಗಳಿಗೆ ಮೈನಸ್ 85ರಷ್ಟು ಬೇಕು. 'ಮಂಜಿನ ಮೋಡ' ಎಂದರೆ ಓದುಗರು ಆಗುಂಬೆಗೆ ಹೋಗಿಬಿಡುತ್ತಾರೆ. 'ಮಂಜುಗಡ್ಡೆ ಮೋಡ' ಎಂದರೆ ತಲೆಯ ಮೇಲೆ ಗಡ್ಡೆ ಬೀಳುವ ಭಯ. 'ಹಿಮಹರಳಿನ ಮೋಡ' ಎಂದು ಬರೆದಿದ್ದೇನೆ. ನಾರ್ವೆಯವರು ಮುತ್ತಿನ ಚಿಪ್ಪಿನ ಒಳಮೈಯ ಹೊಳಪನ್ನು ನೋಡಿ ಹೆಸರಿಟ್ಟಿದ್ದಾರೆ, ಸುಖಪುರುಷರು.

ಈ ಹರಳುಗಳು ದೊಡ್ಡವಾದರೆ ಕೆಳಕ್ಕೆ ಜಾರುತ್ತವೆ, ಮೇಲಿನ ಗಾಳಿ ಇನ್ನಷ್ಟು ಒಣಗುತ್ತದೆ. ಅಂಟಾರ್ಕ್ಟಿಕದಲ್ಲಿ ಪ್ರತಿ ಚಳಿಗಾಲವೂ ನಡೆಯುವ ಇದನ್ನು 2010ರ ಜನವರಿಯಲ್ಲಿ ಫಿನ್ಲೆಂಡಿನ ಸೊದಾಂಕುಲಾದಿಂದ ಹಾರಿಸಿದ ಬಲೂನುಗಳು ಉತ್ತರದಲ್ಲೂ ಹಿಡಿದವು: ಮೇಲೊಂದು ಒಣ ಪದರ, ಅದರ ಕೆಳಗೆ ನೀರಾವಿ ಹೆಚ್ಚಿದ ಪದರ. ಇದಕ್ಕೆ 'ನಿರ್ಜಲೀಕರಣ' ಎಂದು ಬರೆದರೆ ವಾಂತಿಭೇದಿಯ ನೆನಪು. 'ಗಾಳಿ ಒಣಗಿತು' ಎಂದಷ್ಟೇ ಬರೆದೆ, ಸಾಕೆನಿಸಿತು.

ಇನ್ನೊಂದು ಸಣ್ಣ ತಕರಾರು. ಈ ಮೋಡಗಳೂ ಓಜೋನೂ ಇರುವ ಗಾಳಿಯ ಪದರಕ್ಕೆ (ಇಂಗ್ಲಿಷಿನ 'ಸ್ಟ್ರಾಟೋಸ್ಫಿಯರ್'ಗೆ) ಪಠ್ಯಪುಸ್ತಕದ ಹೆಸರು 'ಸಮೋಷ್ಣ ಮಂಡಲ'. 1902ರ ಸುಮಾರಿಗೆ ಫ್ರಾನ್ಸಿನ ತೆಸ್ಸರಾಂ ದ ಬೋರ್ ಬಲೂನುಗಳಿಂದ ಈ ಪದರವನ್ನು ಕಂಡಾಗ ಅಲ್ಲಿನ ಉಷ್ಣತೆ ಬದಲಾಗದಂತೆ ತೋರಿದ್ದು ನಿಜ. ಆದರೆ ಓಜೋನ್ ಬಿಸಿಲನ್ನು ಹೀರುವುದರಿಂದ ಮೇಲೇರಿದಂತೆ ಅಲ್ಲಿ ಬಿಸಿ ಹೆಚ್ಚುತ್ತದೆ. ಸಮ ಉಷ್ಣ ಎಂದು ಕಲಿಸಿ, ಮರುಸಾಲಿನಲ್ಲೇ ಧ್ರುವದ ಮೇಲೆ ಮೈನಸ್ 85 ಎಂದರೆ ಹುಡುಗರು ನಗುತ್ತಾರೆ. 'ಸ್ತರಗೋಳ' ಎಂದು ಬದಲಿಸಿದರೆ ಪರೀಕ್ಷೆಯಲ್ಲಿ ಅಂಕ ಹೋದೀತು ಎಂಬ ಅಂಜಿಕೆಯಿಂದ ಹಳೆಯದನ್ನೇ ಉಳಿಸಿದ್ದೇನೆ.

ಕೊನೆಗೆ ಕೇಳಬೇಕಾದದ್ದು, ಲಡಾಖಿನಲ್ಲಿ ಸೇನೆಯಲ್ಲಿದ್ದವರನ್ನು, ಉತ್ತರ ಅಮೆರಿಕದ ಚಳಿಯಲ್ಲಿ ಮನೆ ಮಾಡಿದವರನ್ನು: ಬೆಳಗ್ಗೆ ಗಾಡಿಯ ಗಾಜಿನಿಂದ ಕೆರೆದು ತೆಗೆಯುತ್ತೀರಲ್ಲ, ಆ ಬಿಳಿ ಪದರಕ್ಕೆ ಮನೆಯೊಳಗೆ ಕನ್ನಡದಲ್ಲಿ ಏನೆನ್ನುತ್ತೀರಿ? ನಿಮ್ಮ ಬಾಯಲ್ಲಿ ಆಗಲೇ ಒಂದು ಪದವಿದ್ದರೆ ನನ್ನ 'ಹಿಮಪೊರೆ'ಯನ್ನು ಸಂತೋಷದಿಂದ ಹೊಡೆದುಹಾಕುತ್ತೇನೆ. ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನವಿದೆ.