ಬರೀ ಸೊಂಟ ನೋವು ಅನ್ನಬೇಡಿ, ಬೆರಳಿಟ್ಟು ತೋರಿಸಿ

ಸುಮಾ, ನಿನ್ನ ಮೆಸೇಜು ಈಗ ನೋಡಿದೆ ಕಣಮ್ಮ. ಅಳಿಯಂದಿರಿಗೆ ಮೂರು ತಿಂಗಳಿಂದ ಸೊಂಟ ನೋವು, ಎಕ್ಸ್‌ರೇಯಲ್ಲಿ ಏನೂ ಇಲ್ಲ, ಆದರೂ ಡಾಕ್ಟರು ಎಂಆರ್‌ಐ ಬರೆದಿದ್ದಾರೆ, ಸುಮ್ನೆ ಖರ್ಚಾ ಅಂತ ಕೇಳಿದ್ದೀಯ. ಓದಿ ಎದೆ ಧಸಕ್ ಅಂದಿತು. ನನ್ನದೂ ಹೀಗೇ ಶುರುವಾಗಿದ್ದು.

ಮೊದಲು ಒಂದು ಮಾತು ಕೇಳು. ಡಾಕ್ಟರ ಹತ್ತಿರ ಬರೀ "ಸೊಂಟ ನೋವು" ಅನ್ನಬೇಡಿ. ಎಲ್ಲಿ ನೋಯುತ್ತದೋ ಅಲ್ಲೇ ಬೆರಳಿಟ್ಟು ತೋರಿಸಿ. ಬೆನ್ನಿನ ಬುಡ ನೋಯ್ದರೂ ನಮಗೆ ಸೊಂಟ, ತೊಡೆಸಂದು ನೋಯ್ದರೂ ಸೊಂಟ. ನಾನು ಕೆಟ್ಟಿದ್ದು ಅಲ್ಲೇ.

ಮೈಮೇಲೆಲ್ಲ ಗುಳ್ಳೆ ಎದ್ದು ಒಂದೂವರೆ ವರ್ಷ ಸ್ಟೀರಾಯ್ಡ್ ಮಾತ್ರೆ ನುಂಗಿದ್ದೆನಲ್ಲ, ಅದಾದ ಮೇಲೆ ನೋವು ಬಂತು. ಸೊಂಟ ಅಂದೆ. ಅವರು ಬೆನ್ನಿನ ಎಕ್ಸ್‌ರೇ ತೆಗೆಸಿದರು, ಬೆಲ್ಟ್ ಕೊಟ್ಟರು. ಎಂಟು ತಿಂಗಳು ಬೆಲ್ಟ್ ಬಿಗಿದುಕೊಂಡು ಓಡಾಡಿದೆ. ನೋವು ಮಂಡಿಗೆ ಇಳಿಯಿತು, ಮಂಡಿಗೆ ಎಣ್ಣೆ ತಿಕ್ಕಿಸಿದೆ. ಸೊಂಟದ ಕೀಲು ಕೆಟ್ಟರೆ ಮಂಡಿಯಲ್ಲೂ ನೋಯುತ್ತದೆ ಅಂತ ಯಾರಿಗೆ ಗೊತ್ತಿತ್ತು? ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಮಲಗಿಸಿ, ಮಂಡಿ ಮಡಿಸಿ, ಕಾಲನ್ನು ಒಳಗೆ ಹೊರಗೆ ತಿರುಗಿಸಿದರು. ಚೀರಿಬಿಟ್ಟೆ. "ಬೆನ್ನಲ್ಲಮ್ಮ, ಕೀಲು" ಅಂದರು. ತೊಡೆ ಮೂಳೆಯ ತಲೆ ಚೆಂಡಿನ ಹಾಗೆ ಇರುತ್ತದಲ್ಲ, ಅದಕ್ಕೆ ರಕ್ತ ಹೋಗದೆ ಮೂಳೆ ಸತ್ತು ಕುಸಿದಿತ್ತು. ಎವಿಎನ್ ಅನ್ನುತ್ತಾರೆ. ಸ್ಟೀರಾಯ್ಡ್ ಜಾಸ್ತಿ ತಗೊಂಡವರಿಗೆ, ಜಾಸ್ತಿ ಕುಡಿಯುವವರಿಗೆ, ಆ ಜಾಗದ ಮೂಳೆ ಮುರಿದವರಿಗೆ ಬರುತ್ತದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ಆಗಲೇ ಸಿಕ್ಕಿದ್ದರೆ ಮೂಳೆಯೊಳಗೆ ತೂತು ಕೊರೆದು ಒತ್ತಡ ಇಳಿಸಿ ಕೀಲು ಉಳಿಸಲು ನೋಡುತ್ತಿದ್ದರು. ಕೋರ್ ಡಿಕಂಪ್ರೆಷನ್ ಅಂತ. ನನ್ನದು ಆಗಲೇ ಕುಸಿದಿತ್ತು. 46ನೇ ವಯಸ್ಸಿಗೆ ಕೀಲೇ ಬದಲಾಯಿಸಬೇಕಾಯಿತು.

ಅದಕ್ಕೇ ಮತ್ತೆ ಹೇಳುತ್ತೇನೆ. ಸೊಂಟ ನೋವು ಅಂತ ಹೇಳಿ ಬಂದುಬಿಡಬೇಡಿ, ಬೆರಳಿಟ್ಟು ತೋರಿಸಿ.

ಆ ಎಂಟು ತಿಂಗಳಲ್ಲಿ ನಾಗಣ್ಣನ ಗೃಹಪ್ರವೇಶ ಬಂತು. ಎಲೆ ಮುಂದೆ ನೆಲದಲ್ಲಿ ಕೂರಲಾಗದೆ ಕುರ್ಚಿ ಕೇಳಿದೆ. "ಕೆಲಸ ತಪ್ಪಿಸಿಕೊಳ್ಳೋಕೆ ನೆಪ" ಅಂತ ಅಡುಗೆಮನೆಯಲ್ಲಿ ಮಾತಾಡಿದ್ದು ನನ್ನ ಕಿವಿಗೆ ಬಿತ್ತು. ಯಾರು ಅಂತ ಹೇಳುವುದಿಲ್ಲ, ಈ ಗ್ರೂಪಿನಲ್ಲೇ ಇದ್ದಾರೆ. ಇವತ್ತಿಗೂ ಅದು ಮನಸ್ಸಿನಿಂದ ಹೋಗಿಲ್ಲ. ಆಪರೇಷನ್ ಆದ ಮೇಲೆ ಕುಕ್ಕರುಗಾಲಲ್ಲಿ ಕೂರಬಾರದು ಅಂದರು. ಊರಿನ ಮನೆಗೆ ಒಂದು ಕಮೋಡ್ ಹಾಕಿಸಿ ಅಂತ ಎಷ್ಟು ಸಲ ಕೇಳಿದೆ. ದೇವರಮನೆಗೆ ಗ್ರಾನೈಟ್ ಬಂತು, ಕಮೋಡ್ ಬರಲಿಲ್ಲ. ಅಪ್ಪನ ತಿಥಿಗೆ ಬಂದು ಸಂಜೆ ಬಸ್ಸಿಗೇ ಯಾಕೆ ವಾಪಸ್ ಹೋಗುತ್ತೇನೆ ಅಂತ ಎಲ್ಲರೂ ಕೇಳುತ್ತೀರಲ್ಲ, ಇದಕ್ಕೇ. ನಾನು ಹುಟ್ಟಿದ ಮನೆ ಅದು.

ಇರಲಿ. ಸುಮಾ, ನೀನು ಕೇಳಿದ್ದು ಎಂಆರ್‌ಐ ವಿಷಯ ಅಲ್ವಾ. ಮಾಡಿಸು, ಮುಂದೆ ಹಾಕಬೇಡ. ಚೀಟಿಯಲ್ಲಿ ಸ್ಪೈನ್, ಅಂದರೆ ಬೆನ್ನುಮೂಳೆ, ಅಂತಿದೆಯೋ ಹಿಪ್, ಅಂದರೆ ಸೊಂಟದ ಕೀಲು, ಅಂತಿದೆಯೋ ಮೊದಲು ನೋಡು. ತೊಡೆಸಂದಿನಲ್ಲಿ ನೋವಿದ್ದು ಸ್ಪೈನ್ ಅಂತ ಬರೆದಿದ್ದರೆ ದುಡ್ಡು ಕಟ್ಟುವ ಮುಂಚೆ ಡಾಕ್ಟರನ್ನು ಕೇಳು. ಹಿಪ್ ಆದರೆ ಎರಡೂ ಕಡೆ ತೆಗೆಯುತ್ತಾರಾ ಅಂತಲೂ ಕೇಳು, ಈ ಕಾಯಿಲೆ ಇನ್ನೊಂದು ಕಡೆಗೂ ಬರುವುದುಂಟು. 2021ರಲ್ಲಿ ಕೋವಿಡ್ ಆಗಿ ಅಳಿಯಂದಿರು ಆಸ್ಪತ್ರೆಯಲ್ಲಿದ್ದರಲ್ಲ, ಸ್ಟೀರಾಯ್ಡ್ ಕೊಟ್ಟಿದ್ದರಾ? ಆ ಡಿಸ್ಚಾರ್ಜ್ ಚೀಟಿ ಹುಡುಕಿ ತಗೊಂಡು ಹೋಗಿ. ಮೈಯಲ್ಲಿ ಸ್ಟೆಂಟು, ಪ್ಲೇಟು ಏನಾದರೂ ಇದ್ದರೆ ಸ್ಕ್ಯಾನಿಂಗಿನವರಿಗೆ ಮೊದಲೇ ಹೇಳಿ. ಅಲ್ಲಿಯವರೆಗೆ ಭಾರ ಎತ್ತುವುದು ಬೇಡ. ನಡೆಯುವಾಗ ಕೋಲು ಹಿಡಿಯಲಿ. ನೋವಿರುವುದು ಬಲಗಡೆ ಅಂದೆಯಲ್ಲ, ಕೋಲು ಎಡಗೈಯಲ್ಲಿರಬೇಕು.