ಅಪ್‌ಡೇಟ್: ಟಿವಿ ಬಾಕ್ಸ್‌ನಲ್ಲಿ ಆರ್ಮ್‌ಬಿಯನ್ ಬಂತು, ವೈಫೈ ಬರಲಿಲ್ಲ

ಹೋದ ವಾರ ಕೇಳಿದ್ದೆನಲ್ಲ, ಅಗ್ಗದ ಆಂಡ್ರಾಯ್ಡ್ ಟಿವಿ ಬಾಕ್ಸ್‌ಗೆ ಎಸ್‌ಡಿ ಕಾರ್ಡ್‌ನಿಂದ ಆರ್ಮ್‌ಬಿಯನ್ (ಚಿಕ್ಕ ಬೋರ್ಡ್‌ಗಳಿಗೆ ಮಾಡಿದ ಲಿನಕ್ಸ್) ಹಾಕಿದರೆ ಲೋಗೋದಲ್ಲೇ ನಿಂತುಬಿಡುತ್ತೆ ಅಂತ. ಈಗ ಬೂಟ್ ಆಗುತ್ತಿದೆ.

ನೀವು ಕೊಟ್ಟ ಸಲಹೆಗಳಲ್ಲಿ ಎಸ್‌ಡಿ ಕಾರ್ಡ್ ಬದಲಿಸಿದ್ದು ಸುಮ್ನೆ ದಂಡ. ಕೆಲಸ ಮಾಡಿದ್ದು 'ಮುಚ್ಚಳ ತೆಗೆದು ಚಿಪ್ ನೋಡಿ' ಅನ್ನೋ ಸಲಹೆ. ಡಬ್ಬದ ಮೇಲೆ ಪ್ರೊಸೆಸರ್ ಚಿಪ್ ಎಸ್905ಎಕ್ಸ್ ಅಂತಿತ್ತು. ಹೀಟ್‌ಸಿಂಕ್ ಎತ್ತಿದರೆ ಎಸ್905ಡಬ್ಲ್ಯೂ! ಅದಕ್ಕೇ ಎಕ್ಸ್‌ಟ್‌ಲಿನಕ್ಸ್ ಫೈಲ್‌ನಲ್ಲಿ (ಬೂಟ್ ಸೆಟ್ಟಿಂಗ್ ಇರೋದು ಇದರಲ್ಲೇ) ಎಸ್905ಎಕ್ಸ್‌ನ ಪಿ212 ಡಿಟಿಬಿ, ಅಂದ್ರೆ ಬೋರ್ಡ್‌ನ ಹಾರ್ಡ್‌ವೇರ್ ವಿವರದ ಫೈಲ್, ಅದರ ಹೆಸರು ತೆಗೆದು ಎಸ್905ಡಬ್ಲ್ಯೂನ ಪಿ281 ಹಾಕಿದೆ. ಎಸ್‌ಡಿ ಕಾರ್ಡ್‌ನಿಂದ ಬೂಟ್ ಆಗಲಿ ಅಂತ ಎವಿ ಜಾಕ್ ಒಳಗಿನ ಬಟನ್ನನ್ನು ಟೂತ್‌ಪಿಕ್‌ನಿಂದ ಒತ್ತಿಕೊಂಡೇ ಪವರ್ ಕೊಟ್ಟೆ, ಅಷ್ಟೇ.

ಇದರ ವೈಫೈ ಚಿಪ್‌ಗೆ ಮೇನ್‌ಲೈನ್ ಕರ್ನಲ್‌ನಲ್ಲಿ (ಲಿನಕ್ಸ್‌ನ ಮೂಲ ಕರ್ನಲ್) ಡ್ರೈವರೇ ಇಲ್ಲ. ಸದ್ಯಕ್ಕೆ ಲ್ಯಾನ್ ಕೇಬಲ್. ಇನ್ನೊಂದು ವಿಷಯ ತಡವಾಗಿ ಗೊತ್ತಾಯ್ತು: ಆರ್ಮ್‌ಬಿಯನ್‌ನವರು ಟಿವಿ ಬಾಕ್ಸ್‌ಗಳಿಗೆ ಅಧಿಕೃತ ಬೆಂಬಲ ಕೊಡಲ್ಲ, ನೋಡಿಕೊಳ್ಳುವವರು ಆಸಕ್ತ ಬಳಕೆದಾರರೇ. ಒಂದೇ ಹೆಸರಿನ ಡಬ್ಬಗಳೊಳಗೆ ಬೇರೆ ಬೇರೆ ಬೋರ್ಡ್ ಬಂದರೆ ಅವರಾದರೂ ಏನು ಮಾಡಿಯಾರು, ಅಲ್ವಾ?